ಪದಚರ್ಚೆ: ಸ್ಪೀಕರಿನ ‘ಗುಂಯ್’ ಸದ್ದಿಗೆ ಕನ್ನಡದಲ್ಲಿ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಹಾಡು ಮಾತು ಏನೂ ಇಲ್ಲದಿರುವಾಗಲೂ ಸ್ಪೀಕರಿನಿಂದ ತಗ್ಗಿದ ದನಿಯಲ್ಲಿ ಒಂದೇ ಸಮನೆ ಹೊರಡುವ ಸದ್ದಿಗೆ ಕನ್ನಡದಲ್ಲಿ ಏನು ಹೇಳಬೇಕು? ಇಂಗ್ಲಿಷಿನಲ್ಲಿ ಅದು ‘ಹಮ್’. ಅದನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ನಮ್ಮ ‘ಹಮ್ಮು’ ಅಡ್ಡ ಬರುತ್ತದೆ. ‘ಆಂಪ್ಲಿಫೈಯರಿನಲ್ಲಿ ಹಮ್ಮು ಇದೆ’ ಎಂದು ಓದಿದವರಿಗೆ ಗರ್ವವೇ ಮೊದಲು ನೆನಪಾಗುತ್ತದೆ.

ಕೇಳುವ ಕಾರಣ ಇದು. ನಾನು ಗುಬ್ಬಿಯವನು. ತುಮಕೂರಿನ ಕ್ಯಾತಸಂದ್ರದಲ್ಲಿರುವ ನನ್ನ ಅಕ್ಕನ ಮಗ ಹಳೆಯ ಆಂಪ್ಲಿಫೈಯರು, ಸ್ಪೀಕರುಗಳನ್ನು ಕೊಂಡು ತಂದು, ಕಡಿಮೆ ಖರ್ಚಿನಲ್ಲಿ ಹೋಮ್ ಥಿಯೇಟರ್ ಜೋಡಿಸಿಕೊಡುತ್ತಾನೆ. ‘ಮಾವ, ಜೋಡಿಸಿಕೊಂಡವರ ಕೈಗೆ ಎರಡು ಪುಟದ ಸೂಚನೆಗಳನ್ನು ಕೊಡಬೇಕು, ಕನ್ನಡದಲ್ಲಿ ನೀವೇ ಬರೆದುಕೊಡಿ’ ಎಂದ. ‘ಹೋಮ್ ಥಿಯೇಟರ್’ ಎಂಬುದಕ್ಕೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ, ಆ ಹೆಸರು ಎಲ್ಲರಿಗೂ ಗೊತ್ತು. ನಾನು ಸಿಕ್ಕಿಬಿದ್ದದ್ದು ‘ತೊಂದರೆಗಳು’ ಎಂಬ ಭಾಗದಲ್ಲಿ. ಅಲ್ಲಿ ಸದ್ದುಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ಹೇಳದಿದ್ದರೆ ಓದಿದವರ ದುಡ್ಡು ಪೋಲಾಗುತ್ತದೆ.

ಅಕ್ಕನ ಮನೆಯಲ್ಲೇ ಹಾಗಾಯಿತು. ನಡುಮನೆಯಲ್ಲಿ ಹುಡುಗ ತನಗಾಗಿ ಜೋಡಿಸಿದ್ದ 5.1 ಸೆಟ್ಟಿನಲ್ಲಿ, ಅಂದರೆ ಐದು ಸ್ಪೀಕರು ಮತ್ತು ಒಂದು ಸಬ್‌ವೂಫರಿನಲ್ಲಿ, ಸದಾ ಒಂದು ಸದ್ದು. ರಿಪೇರಿಯವರೊಬ್ಬರಿಗೆ ಫೋನಿನಲ್ಲಿ ‘ಶಬ್ದ ಬರುತ್ತಿದೆ’ ಎಂದು ಹೇಳಿದ. ಗುಂಡಿ ತಿರುಗಿಸಿದಾಗ ಬರುವ ಕರಕರ ಇರಬೇಕೆಂದು ಅವರು ವಾಲ್ಯೂಮ್ ಗುಂಡಿಯನ್ನು ಸ್ವಚ್ಛ ಮಾಡಿ ಹೋದರು. ಸದ್ದು ಹೋಗಲಿಲ್ಲ. ಎರಡನೆಯ ಸಲ ‘ಗುಂಯ್ ಎನ್ನುತ್ತದೆ’ ಎಂದ. ಅವರು ಆಂಪ್ಲಿಫೈಯರು ಬಿಚ್ಚಿ, ಒಳಗಿನ ಕರೆಂಟಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರುಗಳನ್ನು ಬದಲಾಯಿಸಿದರು. ಏಳುನೂರು ರೂಪಾಯಿ ಹೋಯಿತು, ಸದ್ದು ಉಳಿಯಿತು. ಅವರನ್ನು ದೂರುವಂತಿಲ್ಲ. ಕೆಪಾಸಿಟರು ಸೋತರೂ ಸ್ಪೀಕರು ಗುಂಯ್ ಎಂದೇ ಕೇಳಿಸುತ್ತದೆ.

ದಾರಿ ತೋರಿಸಿದವಳು ಅಕ್ಕ. ನಮ್ಮ ತಂದೆ ಊರೂರಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು, ಆ ಪೆಟ್ಟಿಗೆ ಈಗ ಅಕ್ಕನ ಬಳಿ ಇದೆ. ಒಂದು ಸಂಜೆ ಅವಳು, ‘ಇದು ಬರಿಯ ಸದ್ದಲ್ಲ ಕಣೋ, ಶ್ರುತಿ ಹಿಡಿದು ಕೂತಿದೆ’ ಎಂದು ಹಾರ್ಮೋನಿಯಂ ಮುಂದೆ ಎಳೆದುಕೊಂಡಳು. ಕೆಳಗಿನ ಸ್ಥಾಯಿಯಲ್ಲಿ ಬಿಳಿ ಐದನ್ನು, ಅಂದರೆ ಐದನೆಯ ಬಿಳಿ ಮನೆಯನ್ನು, ಒತ್ತಿದಾಗ ಎರಡೂ ಹೆಚ್ಚುಕಡಿಮೆ ಕೂಡಿದವು. ‘ಪೆಟ್ಟಿಗೆಗಿಂತ ಅದು ಒಂದು ಕೂದಲೆಳೆ ಮೇಲಿದೆ’ ಎಂದಳು. ಲೆಕ್ಕ ಹಾಕಿ ನೋಡಿದೆ. ಆ ಸ್ವರದ ಕಂಪನ ಸೆಕೆಂಡಿಗೆ 98. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ, ಅದರಿಂದ ಹುಟ್ಟುವ ಸದ್ದು 50ರಲ್ಲಿ ಇಲ್ಲವೇ ಅದರ ಇಮ್ಮಡಿ 100ರಲ್ಲಿ ಇರುತ್ತದೆ. ಕೂದಲೆಳೆಯ ವ್ಯತ್ಯಾಸವನ್ನೂ ಅಕ್ಕನ ಕಿವಿ ಹಿಡಿದಿತ್ತು.

ಪದಕ್ಕೆ ಬೇಕಾದ ಮೊದಲ ಗುಣ ಅಲ್ಲಿ ನನಗೆ ಸಿಕ್ಕಿತು. ಈ ಸದ್ದಿಗೆ ಶ್ರುತಿ ಇದೆ, ಅದು ಕರೆಂಟಿನ ಶ್ರುತಿ. ಸ್ಪೀಕರಿಗೆ ಕಿವಿ ಹಚ್ಚಿದರೆ ಕೇಳುವ ಇನ್ನೊಂದು ಸದ್ದು ‘ಸುಯ್’. ಅದು ಹಾರ್ಮೋನಿಯಮ್ಮಿನ ಯಾವ ಮನೆಗೂ ಕೂಡುವುದಿಲ್ಲ. ಹಳಗನ್ನಡದಲ್ಲಿ ‘ಸುಯ್’ ಎಂದರೆ ಉಸಿರು, ನಿಟ್ಟುಸಿರು. ಆ ಸದ್ದಿಗೆ ಇದಕ್ಕಿಂತ ಒಪ್ಪುವ ಪದ ಬೇಕಿಲ್ಲ, ಅದರ ಬಗ್ಗೆ ನನಗೆ ಚರ್ಚೆಯೂ ಇಲ್ಲ.

ಕರೆಂಟಿನ ಶ್ರುತಿ ಎಂದು ತಿಳಿದ ಮೇಲೆ ಹುಡುಗ ಆಂಪ್ಲಿಫೈಯರಿಗೆ ಬರುವ ತಂತಿಗಳನ್ನೆಲ್ಲ ತೆಗೆದು ನೋಡಿದ. ಸದ್ದು ನಿಂತಿತು, ಅಂದರೆ ಆಂಪ್ಲಿಫೈಯರಿನ ಒಳಗೆ ದೋಷವಿರಲಿಲ್ಲ. ಒಂದೊಂದನ್ನೇ ಮತ್ತೆ ಸಿಕ್ಕಿಸುತ್ತ ಬಂದ. ಬೀದಿಯ ಕಂಬದಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲನ್ನು ತಿರುಗಿಸಿ ಕೂರಿಸಿದ ಕ್ಷಣ ಸದ್ದು ಮರಳಿತು. ಕೇಬಲ್ಲಿನ ಹೊರಕವಚಕ್ಕೆ ಹೊರಗೆಲ್ಲೋ ಒಂದು ಕಡೆ ನೆಲದ ಸಂಪರ್ಕ, ಆಂಪ್ಲಿಫೈಯರಿಗೆ ಗೋಡೆಯ ಮೂರನೆಯ ಪಿನ್ನಿನಿಂದ ಇನ್ನೊಂದು. ಎರಡರ ನಡುವೆ ಟಿ.ವಿ.ಯ ಆಡಿಯೋ ತಂತಿ ಸೇತುವೆಯಾಗಿ, ನೆಲದಿಂದ ನೆಲಕ್ಕೆ ಒಂದು ಸುತ್ತು ಏರ್ಪಟ್ಟಿತ್ತು. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟು ಸ್ಪೀಕರಿನಲ್ಲಿ ಹಾಡುತ್ತಿತ್ತು. ಟಿ.ವಿ.ಗೂ ಆಂಪ್ಲಿಫೈಯರಿಗೂ ನಡುವೆ ಆಡಿಯೋ ತಂತಿ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದ. ಅದರಲ್ಲಿ ಹೋಗುವುದು ಬೆಳಕು, ಕರೆಂಟಿಗೆ ದಾರಿಯೇ ಇಲ್ಲ. ಮುನ್ನೂರೈವತ್ತು ರೂಪಾಯಿಯಲ್ಲಿ ಮನೆ ಶಾಂತವಾಯಿತು.

ಮಧ್ಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಪ್ಲಗ್ಗಿನ ಅರ್ತ್ ಪಿನ್ನನ್ನು ಕತ್ತರಿಸಿದರೂ ಈ ಸದ್ದು ನಿಲ್ಲುತ್ತದೆ, ಹಾಗೆ ಮಾಡಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಮಾಡಬೇಡಿ. ಒಳಗೆ ಒಂದು ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದ ದಿನ ಕಾಯುವುದು ಆ ಪಿನ್ನು. ಸೂಚನೆಗಳಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಅಲ್ಲಿ ‘ಭೂಸಂಪರ್ಕ’ ಎಂದು ಬರೆಯದೆ ‘ಅರ್ತ್’ ಎಂದೇ ಬರೆದೆ. ಎಲೆಕ್ಟ್ರಿಷಿಯನ್ನರು ಆಡುವುದು ಅದನ್ನೇ. ಆದರೆ ‘ಅರ್ಥ’ವೆಂದು ಓದದಂತೆ ‘ಥ’ ಬಿಟ್ಟು ‘ತ’ ಬಳಸಿದೆ. ಇದು ಸರಿಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಈಗ ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಇಂಥ ಸದ್ದಿನ ಪದಗಳಿಗೆ ಕೊರತೆಯಿಲ್ಲ, ಆದರೆ ಹೆಚ್ಚಿನವು ಮೆಚ್ಚುಗೆಯ ಪದಗಳು. ಝೇಂಕಾರ, ಗುಂಜಾರವ ಎರಡೂ ದುಂಬಿಯವು, ಕೇಳಿದರೆ ಹೂತೋಟ ಕಣ್ಣಮುಂದೆ ಬರುತ್ತದೆ. ‘ಝೇಂಕಾರ ಬಂದರೆ ರಿಪೇರಿಯವರನ್ನು ಕರೆಯಿರಿ’ ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ‘ಮೊರೆ’ ನನಗೆ ಬಹಳ ಪ್ರಿಯವಾದ ಮಾತು. ಹಳೆಯ ಕಾವ್ಯದಲ್ಲಿ ತುಂಬಿಗಳು ಮೊರೆಯುತ್ತವೆ. ಆದರೆ ಇಂದಿನ ಓದುಗರಿಗೆ ಮೊರೆತ ಕಡಲಿನದು, ಮೊರೆ ಎಂದರೆ ಅಹವಾಲು. ‘ಗುನುಗು’ವುದು ಮನುಷ್ಯರ ಕೆಲಸ, ಅದರಲ್ಲಿ ರಾಗ ಏರಿ ಇಳಿಯುತ್ತದೆ. ನಮ್ಮ ಸದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಉಳಿದದ್ದು ‘ಗುಂಯ್‌ಗುಟ್ಟು’. ಪಿಸುಗುಟ್ಟು, ಗೊಣಗುಟ್ಟು, ವಟಗುಟ್ಟು, ಲೊಚಗುಟ್ಟು ಇವುಗಳ ಸಾಲಿನಲ್ಲಿ ಅದು ಸಲೀಸಾಗಿ ಕೂರುತ್ತದೆ, ಅದರಲ್ಲಿ ದೂರುವ ದನಿಯೂ ಇದೆ. ತೊಡಕು ಏನೆಂದರೆ, ಸೊಳ್ಳೆಯೂ ಗುಂಯ್ ಎನ್ನುತ್ತದೆ, ಜ್ವರದಲ್ಲಿ ಕಿವಿಯೂ ಗುಂಯ್ ಎನ್ನುತ್ತದೆ. ಅವೆರಡೂ ಮೇಲಿನ ಸ್ಥಾಯಿಯವು. ಹುಡುಗ ‘ಗುಂಯ್’ ಎಂದಾಗ ಫೋನಿನ ಆ ಕಡೆಯವರಿಗೆ ತಗ್ಗಿನ ಸದ್ದೋ ಎತ್ತರದ ಸದ್ದೋ ಗೊತ್ತಾಗುವ ದಾರಿಯೇ ಇರಲಿಲ್ಲ.

ಹೀಗೆ ಯೋಚಿಸುತ್ತಿದ್ದಾಗ ನೆನಪಾದದ್ದು ಬೋರ್‌ವೆಲ್ ಮೋಟಾರು. ಮೂರು ಫೇಸಿನಲ್ಲಿ ಒಂದು ತಪ್ಪಿದಾಗ ಸ್ಟಾರ್ಟರು ಒತ್ತಿದರೆ ಮೋಟಾರು ತಿರುಗುವುದಿಲ್ಲ, ನಿಂತಲ್ಲೇ ಸದ್ದು ಮಾಡುತ್ತದೆ. ಆಗ ನಮ್ಮ ಕಡೆಯ ರೈತರು ‘ಗೂಂ ಎನ್ನುತ್ತಿದೆ, ಆರಿಸು’ ಎಂದು ಕೂಗುತ್ತಾರೆ. ಅದು ಗುಂಯ್ ಅಲ್ಲ, ಗೂಂ. ದೀರ್ಘ ಸ್ವರ, ತುಟಿ ಮುಚ್ಚಿ ಮುಗಿಯುವ ಅನುನಾಸಿಕ. ಹೊಲದ ಬದಿಯ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಸದ್ದಿಗೂ ಕೆಲವರು ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣದ ಹಾಳೆಗಳು ಕರೆಂಟಿನ ಪ್ರತಿ ಅರ್ಧ ಸುತ್ತಿಗೂ ಒಮ್ಮೆ ಹಿಗ್ಗಿ ಕುಗ್ಗುವುದರಿಂದ ಅಲ್ಲಿಯೂ ಅದೇ 100ರ ಶ್ರುತಿ. ಅಕ್ಕ ನಡುಮನೆಯಲ್ಲಿ ಹಿಡಿದ ಸ್ವರವನ್ನೇ ರೈತರು ಹೊಲದಲ್ಲಿ ಒಂದು ಅಕ್ಷರದಲ್ಲಿ ಹಿಡಿದಿದ್ದಾರೆ.

ಆದ್ದರಿಂದ ನನ್ನ ಒಲವು ‘ಗೂಂಗುಟ್ಟು’ ಎಂಬ ಕ್ರಿಯಾಪದ ಮತ್ತು ‘ಗೂಂಸದ್ದು’ ಎಂಬ ನಾಮಪದದ ಕಡೆಗಿದೆ. ‘ಗೂಂಕಾರ’ವನ್ನೂ ಯೋಚಿಸಿದೆ. ಓಂಕಾರ, ಝೇಂಕಾರಗಳ ಪಂಕ್ತಿಗೆ ಸೇರಿದೊಡನೆ ಅದಕ್ಕೆ ಸಲ್ಲದ ಘನತೆ ಬಂದುಬಿಡುತ್ತದೆ ಎಂದು ಕೈಬಿಟ್ಟೆ.

ಇನ್ನೊಂದು ಸಣ್ಣ ಸಂದೇಹವೂ ಇದೆ. ಟೈಲ್ಸ್ ಹಾಕಿದ, ಪರದೆಯಿಲ್ಲದ ಕೋಣೆಯಲ್ಲಿ ಮಾತು ಕಲಸಿಹೋಗುತ್ತದೆ. ಅಂಗಡಿಯವರು ಅದನ್ನು ‘ಎಕೋ’ ಎನ್ನುತ್ತಾರೆ, ಪತ್ರಿಕೆಗಳು ‘ಪ್ರತಿಧ್ವನಿ’ ಎಂದು ಬರೆಯುತ್ತವೆ. ಆದರೆ ಪ್ರತಿಧ್ವನಿ ಬಿಡಿಯಾಗಿ ಕೇಳಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರವಿರಬೇಕು ಎಂದು ಶಾಲೆಯಲ್ಲೇ ಓದಿದ್ದೇವೆ. ಹನ್ನೆರಡು ಅಡಿಯ ನಡುಮನೆಯಲ್ಲಿ ಅದು ಸಾಧ್ಯವಿಲ್ಲ. ಇದು ಅನುರಣನ, ದನಿ ಸಾಯದೆ ಎಳೆದಾಡುವುದು. ‘ಅನುರಣನ’ ಎಂದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ‘ಕೋಣೆ ಗವ್ವೆನ್ನುತ್ತದೆ’ ಎಂದು ಬರೆದಿದ್ದೇನೆ. ಆದರೆ ಗವ್ವೆನ್ನುವುದನ್ನು ಕತ್ತಲಿಗೂ ಮೌನಕ್ಕೂ ಹೇಳುವ ರೂಢಿ ಇರುವುದರಿಂದ ಧೈರ್ಯ ಸಾಲದು. ಪರಿಹಾರಕ್ಕೆ ಮಾತ್ರ ಹೊಸ ಪದ ಬೇಕಾಗಲಿಲ್ಲ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಬಟ್ಟೆ.

ಪಾವಗಡ, ಶಿರಾ, ಮಧುಗಿರಿಯ ಕಡೆಯವರು ಮತ್ತು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕೋಲಾರ, ಚಿಕ್ಕಬಳ್ಳಾಪುರದವರು ಇಲ್ಲಿ ಇದ್ದೀರಿ. ಫೇಸು ತಪ್ಪಿ ಮೋಟಾರು ನಿಂತಾಗ ನಿಮ್ಮ ತಂದೆ, ಚಿಕ್ಕಪ್ಪ, ತೋಟದ ಆಳು ಏನೆಂದು ಕೂಗುತ್ತಾರೆ? ತಿದ್ದದೆ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ತಿಳಿಸಿ. ‘ಗೂಂ’ ನಮ್ಮ ಗುಬ್ಬಿಯ ಸುತ್ತಿನದೇ ಅಥವಾ ನಿಮ್ಮಲ್ಲೂ ಇದೆಯೇ ಎಂಬುದು ಗೊತ್ತಾಗುವವರೆಗೆ ಹುಡುಗನ ಸೂಚನೆಗಳನ್ನು ಅಚ್ಚಿಗೆ ಕೊಡುವುದಿಲ್ಲ.