ಸಹಾಯ ಬೇಕು: ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಗೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಮನೆಮನೆಗೆ ಹೋಗಿ ಹಿರಿಯರನ್ನು ನೋಡಿಕೊಳ್ಳುವ ನರ್ಸ್. ನಾನು ಹೋಗುವ ಒಂದು ಮನೆಯಲ್ಲಿ ಕನ್ನಡದ ಅಜ್ಜಿ ಇದ್ದಾರೆ. ಮನೆಯವರು ಅವರಿಗೆ ಶುಗರ್ ಮಾತ್ರೆ ಸರಿಯಾಗಿ ಕೊಡುತ್ತಿಲ್ಲ, ಹಗಲೆಲ್ಲಾ ಒಬ್ಬರನ್ನೇ ಬಿಟ್ಟು ಹೋಗುತ್ತಾರೆ, ಪಾಸ್‌ಪೋರ್ಟ್ ಮಗನ ಕೈಯಲ್ಲಿದೆ. ತೋಳಿನ ಮೇಲೆ ಕಲೆಗಳೂ ಕಂಡವು.

ಹಿರಿಯರಿಗೆ ಹಿಂಸೆ ಅಥವಾ ನಿರ್ಲಕ್ಷ್ಯ ಆಗುತ್ತಿದೆ ಎಂಬ ಅನುಮಾನ ಬಂದರೆ ನನ್ನಂಥವರು ವರದಿ ಮಾಡಲೇಬೇಕು ಎಂದು ಇಲ್ಲಿನ ಕಾನೂನು ಹೇಳುತ್ತದೆ. ಫೋನಿನಲ್ಲಿ ಹೇಳಿದರೆ ಎರಡು ಕೆಲಸದ ದಿನಗಳೊಳಗೆ ಎಸ್‌ಒಸಿ 341 ಎಂಬ ಲಿಖಿತ ವರದಿಯ ಫಾರ್ಮನ್ನೂ ತುಂಬಿ ಕೊಡಬೇಕು. ಸುಮ್ನಿದ್ದರೆ 6 ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಕೌಂಟಿಯ ಅಡಲ್ಟ್ ಪ್ರೊಟೆಕ್ಟಿವ್ ಸರ್ವೀಸಸ್‌ಗೆ (ಇಂಥ ದೂರುಗಳನ್ನು ನೋಡಿಕೊಳ್ಳುವ ಇಲಾಖೆ) ಫೋನೂ ಮಾಡಿದ್ದೇನೆ, ಫಾರ್ಮನ್ನೂ ಕೊಟ್ಟಿದ್ದೇನೆ. "ಮನೆ ವಿಷಯ ಹೊರಗೆ ಯಾಕೆ" ಎನ್ನುವವರು ದಯವಿಟ್ಟು ಇಲ್ಲಿ ಆ ಚರ್ಚೆ ಬೇಡ.

ಈಗಿನ ಚಿಂತೆ ಬೇರೆ. ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರು ಬೇಡ ಎಂದರೆ ಇಲಾಖೆಯವರು ಬಲವಂತವಾಗಿ ಸಹಾಯ ಕೊಡುವಂತಿಲ್ಲ. ಅಜ್ಜಿ "ಮಗನಿಗೆ ತೊಂದರೆ ಆಗುತ್ತೆ ಕಣಮ್ಮಾ" ಎನ್ನುತ್ತಲೇ ಇದ್ದಾರೆ. ಇಲಾಖೆಯವರು ಅಜ್ಜಿಯನ್ನು ಮಾತನಾಡಿಸುವಾಗ ಮಗನೋ ಸೊಸೆಯೋ ದುಭಾಷಿಯಾಗಿ ಕೂತರಂತೂ ಕಥೆ ಮುಗಿಯಿತು ಅಲ್ವಾ?

ಇಲ್ಲಿ ಕನ್ನಡ ದುಭಾಷಿಯನ್ನು ಕೇಳಿ ಪಡೆದವರು ಯಾರಾದರೂ ಇದ್ದೀರಾ? ಫೋನಿನಲ್ಲಿ ಸಿಕ್ಕರಾ, ನೇರವಾಗಿ ಬಂದರಾ? ಅಜ್ಜಿ ಒಪ್ಪಿದರೆ ಕೆಲವು ದಿನ ಇರಲು, ಸಸ್ಯಾಹಾರಿ ಊಟ ಸಿಗುವ ಹಿರಿಯರ ಜಾಗ ಗೊತ್ತಿದ್ದರೂ ತಿಳಿಸಿ. ವಲಸೆ ಮತ್ತು ಹಿರಿಯರ ಹಕ್ಕು ಎರಡೂ ಗೊತ್ತಿರುವ ವಕೀಲರು ಸಿಕ್ಕರೆ ಇನ್ನೂ ಒಳ್ಳೆಯದು.

ಊರು, ಹೆಸರು ಕೇಳಬೇಡಿ, ಹೇಳುವಂತಿಲ್ಲ. ಗೊತ್ತಿರುವವರು ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.