ಪುಣೆಯಿಂದ ಜೋಹಾನ್ಸ್‌ಬರ್ಗ್‌ಗೆ ಸಂಸಾರ: ಕಾಗದಪತ್ರ, ಪ್ಲಗ್ಗು, ದೋಸೆ ಹಿಟ್ಟು

ಕೊಥ್ರೂಡ್_ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ಜೋಹಾನ್ಸ್‌ಬರ್ಗ್‌ನಲ್ಲಿ ಮೂರು ವರ್ಷದ ಕೆಲಸ ಗೊತ್ತಾಗಿದೆ. ಅವರು ಮೇ ತಿಂಗಳಲ್ಲಿ ಹೋಗುತ್ತಾರೆ, ನಾನು ಮಕ್ಕಳನ್ನು ಕರೆದುಕೊಂಡು ಜೂನ್ ಕೊನೆಗೆ. ದೊಡ್ಡವನಿಗೆ ಹತ್ತು ವರ್ಷ, ನಾಲ್ಕನೇ ಇಯತ್ತೆ ಮುಗಿಸಿದ್ದಾನೆ. ಚಿಕ್ಕವಳಿಗೆ ನಾಲ್ಕು. ಅವಳು ಹುಟ್ಟಿದ್ದು ಧಾರವಾಡದಲ್ಲಿ, ನನ್ನ ತವರಲ್ಲಿ. ಮಗ ಹುಟ್ಟಿದ್ದು ಪುಣೆಯಲ್ಲೇ.

ಕೇಳಬೇಕಾದ್ದು ಇಷ್ಟು. ಕಾಗದಪತ್ರಗಳಲ್ಲಿ ಇಲ್ಲೇ ಮುಗಿಸಿಕೊಳ್ಳಬೇಕಾದವು ಯಾವುವು, ಯಾವ ಕ್ರಮದಲ್ಲಿ? ಶಾಲಾ ವರ್ಷ ಅಲ್ಲಿ ಜನವರಿಗೆ ಶುರುವಂತೆ, ಮಗ ಯಾವ ತರಗತಿಗೆ ಸೇರುತ್ತಾನೆ? ಮಿಕ್ಸರು, ಟೇಬಲ್ ಟಾಪ್ ಗ್ರೈಂಡರು, ಕುಕ್ಕರು ಒಯ್ದರೆ ಉಪಯೋಗವಾದೀತೆ? ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಸಿಗುತ್ತದೆಯೆ? ವಿಮಾನ ಅಡಿಸ್ ಅಬಾಬಾ ಮೇಲೆ ಹೋಗುವುದೋ ದುಬೈ ಮೇಲೋ ಇನ್ನೂ ಗೊತ್ತಾಗಿಲ್ಲ.

ಮಾಟುಂಗಾ_ಮೇಷ್ಟ್ರು:

ತಂಗಿ, ಮೊದಲು ಇಬ್ಬರು ಮಕ್ಕಳ ಜನನ ಪ್ರಮಾಣಪತ್ರ ತೆಗೆದು ಮೇಜಿನ ಮೇಲೆ ಇಡಮ್ಮ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮೂರು ವಿಷಯ ನೋಡಬೇಕು: ಮಗುವಿನ ಹೆಸರು ತುಂಬಿದೆಯೆ, ತಂದೆ ತಾಯಿ ಇಬ್ಬರ ಹೆಸರೂ ಇದೆಯೆ, ಆ ಹೆಸರುಗಳು ಪಾಸ್‌ಪೋರ್ಟಿನಲ್ಲಿರುವ ಹಾಗೇ ಇವೆಯೆ. ನಮ್ಮವರಲ್ಲಿ ಹೆಚ್ಚಿನ ಅರ್ಜಿಗಳು ಎಡವುವುದು ಮೂರನೆಯದರಲ್ಲಿ. ಕರ್ನಾಟಕದ ಕಡೆಯ ದಾಖಲೆಗಳಲ್ಲಿ ಹೆಸರಿನ ಹಿಂದೆ ಬರೀ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲು ಊರಿನ ಹೆಸರಾಗಿ, ಅಪ್ಪನ ಹೆಸರಾಗಿ ಬಿಡಿಸಿಕೊಂಡು ಕೂತಿರುತ್ತದೆ. ವಿದೇಶದ ಗುಮಾಸ್ತನಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು. ಅಫಿಡವಿಟ್‌ನಿಂದ ಕೆಲಸ ನಡೆಯುವುದೂ ಉಂಟು, ಆದರೆ ಸಮಯ ಇರುವಾಗ ಜನನ ನೋಂದಣಿ ಕಚೇರಿಯಲ್ಲೇ ತಿದ್ದಿಸಿಕೊಳ್ಳುವುದು ಗಟ್ಟಿ. ಮದುವೆ ಪ್ರಮಾಣಪತ್ರಕ್ಕೂ ಇದೇ ಮಾತು.

ಆಮೇಲೆ ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಎಂದು ಬೇರೆ ದೇಶದವರೂ ಒಪ್ಪುವ ಸರಕಾರಿ ಮುದ್ರೆ. ದಕ್ಷಿಣ ಆಫ್ರಿಕಾ ಹೇಗ್ ಒಪ್ಪಂದದಲ್ಲಿ ಇರುವ ದೇಶ, ಭಾರತವೂ 2005ರಿಂದ ಇದೆ. ಹಾಗಾಗಿ ದೂತಾವಾಸದ ಮುದ್ರೆ ಬೇಕಿಲ್ಲ, ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸಾಕು. ಆದರೆ ಅದಕ್ಕೆ ಮೊದಲು ರಾಜ್ಯದ ದೃಢೀಕರಣ ಆಗಿರಬೇಕು, ಮತ್ತು ಅದನ್ನು ಕೊಡಬೇಕಾದ್ದು ಪತ್ರ ಹೊರಟ ರಾಜ್ಯ. ಮಗನದು ಪುಣೆ ಮಹಾನಗರಪಾಲಿಕೆಯದು, ಮುಂಬೈ ಮಂತ್ರಾಲಯದ (ಅಲ್ಲಿನ ರಾಜ್ಯ ಸಚಿವಾಲಯ) ಮೂಲಕ ಹೋಗುತ್ತದೆ. ಮಗಳದು ಧಾರವಾಡದ್ದು, ಬೆಂಗಳೂರಿಗೇ ಹೋಗಬೇಕು. ಎರಡನ್ನೂ ಒಂದೇ ಲಕೋಟೆಯಲ್ಲಿ ಮುಂಬೈ ಏಜೆಂಟನ ಕೈಗೆ ಕೊಟ್ಟರೆ ಮಗಳದು ವಾಪಸ್ ಬರುತ್ತದೆ. ತವರಲ್ಲಿ ಹೆರಿಗೆಯಾದ ಎಲ್ಲರಿಗೂ ಈ ತೊಡಕು ಇದೆ. ಲ್ಯಾಮಿನೇಶನ್ ಮಾಡಿಸಿದ ಪತ್ರವಾದರೆ ಅದರ ಮೇಲೆ ಮುದ್ರೆ ಒತ್ತಲು ಆಗುವುದಿಲ್ಲ, ಹೊಸ ಪ್ರತಿ ತೆಗೆಸಬೇಕು.

ಪೊಲೀಸ್ ಕ್ಲಿಯರೆನ್ಸ್, ಅಂದರೆ ಅಪರಾಧದ ದಾಖಲೆ ಇಲ್ಲವೆಂಬ ಪತ್ರ, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಬರುತ್ತದೆ. ವೀಸಾ ಅರ್ಜಿಯ ಹೊತ್ತಿಗೆ ಅದು ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಆದ್ದರಿಂದ ಅದನ್ನು ಕೊನೆಗೆ ಮಾಡಿಸು. ಯಜಮಾನರು ಮುಂದೆ ಹೋಗುವುದರಿಂದ, ಮಕ್ಕಳು ನಿನ್ನ ಜೊತೆ ಬರಲು ತಮ್ಮ ಒಪ್ಪಿಗೆ ಇದೆ ಎಂದು ಅವರ ಸಹಿಯ ನೋಟರಿ ಪತ್ರ, ಅವರ ಪಾಸ್‌ಪೋರ್ಟಿನ ಪ್ರತಿ, ಇವೆರಡನ್ನೂ ಅವರು ಹೊರಡುವ ಮೊದಲೇ ಮಾಡಿಸಿಕೊ. ಮಕ್ಕಳ ಪ್ರಯಾಣದ ನಿಯಮಗಳನ್ನು ಆ ದೇಶ 2015ರಲ್ಲಿ ಬಿಗಿ ಮಾಡಿ, ಬರಬರುತ್ತಾ ಸಡಿಲಿಸಿದೆ. ಆದರೂ ಈ ಎರಡು ಹಾಳೆ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡ. ಮಗ ಶಾಲೆಗೆ ಹೋಗಲು ಅವನ ವೀಸಾದಲ್ಲಿ ಓದುವ ಅನುಮತಿ ಬೇಕು. ಅರ್ಜಿ ಹಾಕುವಾಗಲೇ ಕೇಳಿಕೊಳ್ಳಬೇಕು. ಸಂಗಾತಿಯಾಗಿ ಹೋಗುವ ವೀಸಾದಲ್ಲಿ ನಿನಗೆ ಕೆಲಸ ಮಾಡುವ ಅನುಮತಿ ಇರುವುದಿಲ್ಲ, ಅದೂ ಲೆಕ್ಕದಲ್ಲಿರಲಿ.

ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವುದಿದ್ದರೆ ದಕ್ಷಿಣ ಆಫ್ರಿಕಾ ಪ್ರಮಾಣಪತ್ರ ಕೇಳುತ್ತದೆ. ಕಡಿಮೆ ಹೊತ್ತಿದ್ದರೂ ಹಾಕಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಿಮಾನ ತಪ್ಪಿ ರಾತ್ರಿ ಉಳಿಯಬೇಕಾಗಿ ಬಂದರೆ ಲೆಕ್ಕ ಬದಲಾಗುತ್ತದೆ. ಭಾರತಕ್ಕೆ ಮರಳುವಾಗಲೂ ಇಲ್ಲಿನ ಆರೋಗ್ಯ ಅಧಿಕಾರಿಗಳು ಕೇಳಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ. ಸರಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಹಳದಿ ಪುಸ್ತಕದಲ್ಲಿ ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಬರೆದಿದ್ದಾರೆಯೆ ಎಂದು ಅಲ್ಲೇ ನಿಂತು ಓದಿ ನೋಡು.

ಶಾಲೆಯ ವಿಷಯ. ಜನವರಿಯಿಂದ ಡಿಸೆಂಬರ್, ನಾಲ್ಕು ಟರ್ಮು. ನೀವು ಹೋಗುವ ಹೊತ್ತಿಗೆ ಮೂರನೇ ಟರ್ಮ್ ಶುರುವಾಗುವ ಕಾಲ. ಮಗನನ್ನು ಗ್ರೇಡ್ 5ಕ್ಕೆ ಹಾಕಿದರೆ ಅರ್ಧ ವರ್ಷದ ಪಾಠ ತಪ್ಪಿರುತ್ತದೆ, ಗ್ರೇಡ್ 4ಕ್ಕೆ ಹಾಕಿದರೆ ಕಲಿತದ್ದನ್ನೇ ಅರ್ಧ ವರ್ಷ ಕಲಿಯುತ್ತಾನೆ. ನನ್ನ ಮತ ಗ್ರೇಡ್ 4. ಅಲ್ಲಿ ಹತ್ತು ತುಂಬುವ ವರ್ಷದಲ್ಲಿ ಮಕ್ಕಳು ಸಾಮಾನ್ಯವಾಗಿ ಗ್ರೇಡ್ 4ರಲ್ಲೇ ಇರುತ್ತಾರೆ. ಮೇಲಾಗಿ ಇಂಗ್ಲಿಷಿನ ಜೊತೆ ಆಫ್ರಿಕಾನ್ಸ್ ಅಥವಾ ಜುಲು ಎರಡನೇ ಭಾಷೆಯಾಗಿ ಬರುತ್ತದೆ, ಉಳಿದ ಮಕ್ಕಳು ಅದನ್ನು ಒಂದನೇ ತರಗತಿಯಿಂದ ಕಲಿತಿರುತ್ತಾರೆ. ಆ ಅರ್ಧ ವರ್ಷ ಭಾಷೆಗೆ ಬೇಕು. ಲೀವಿಂಗ್ ಸರ್ಟಿಫಿಕೇಟ್ ಇಂಗ್ಲಿಷಿನಲ್ಲೇ ಕೇಳು, ಎರಡು ವರ್ಷದ ಪ್ರಗತಿಪತ್ರ ಇರಲಿ. ಲಸಿಕೆ ಕಾರ್ಡು ಮರಾಠಿಯಲ್ಲಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ಸಹಿ ಸಿಕ್ಕಾ ಹಾಕಿಸು. ಚಿಕ್ಕವಳಿಗೆ ಸದ್ಯ ಪ್ರಿಸ್ಕೂಲ್ ಸಾಕು. ಗ್ರೇಡ್ ‘R’ ಅನ್ನುವುದು ಒಂದನೇ ತರಗತಿಗೆ ಮುಂಚಿನ ವರ್ಷ, ಐದು ದಾಟಿ ಆರಕ್ಕೆ ಬೀಳುವ ಮಕ್ಕಳಿಗೆ. 2024ರ ಕಾಯ್ದೆಯಿಂದ ಅದು ಕಡ್ಡಾಯ.

ವಾಸ್ಕೋ_ವೈರ್‌ಮನ್:

ಅಕ್ಕಾರ, ವೋಲ್ಟೇಜಿನ ಚಿಂತಿ ಬಿಟ್ಟ್ ಬಿಡ್ರಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮಂಗ. ಟ್ರಾನ್ಸ್‌ಫಾರ್ಮರ್ ಬ್ಯಾಡ. ತಕರಾರು ಇರೋದು ಪ್ಲಗ್ಗಿಂದು.

ಅಲ್ಲಿ ಹಳೇ ಮನಿಗಳೊಳಗ ಗ್ವಾಡಿಮ್ಯಾಲ ಇರೋ ಸಾಕೆಟ್ ದಪ್ಪ ಮೂರು ಗುಂಡ ಪಿನ್ನಿಂದು. ಅದು ನಮ್ಮ ಗೀಝರು, ಎ.ಸಿ.ಗೆ ಹಾಕೋ 16 ಆಂಪ್ ಪಾವರ್ ಪ್ಲಗ್ಗಿನ ಅಳತೀನ. ಎರಡೂ ಹಳೇ ಬ್ರಿಟಿಷ್ 15 ಆಂಪ್ ಪ್ಲಗ್ಗಿನಿಂದ ಬಂದಾವ. ಮಿಕ್ಸರು, ಗ್ರೈಂಡರಿಗೆ ಇರೋ ಸಣ್ಣ 6 ಆಂಪ್ ಪ್ಲಗ್ ಮಾತ್ರ ಅದ್ರಾಗ ಕೂಡಂಗಿಲ್ಲ. ಹೊಸ ಮನಿಯೊಳಗ ಷಟ್ಕೋನ ಬಾಯಿಯ ಸಣ್ಣ ಸಾಕೆಟ್ಟೂ ಇರ್ತದ, ಅದಕ್ಕ ತೆಳು ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಕೂಡ್ತದ.

ಅದಕ್ಕ ಪುಣೆ ಬುಧವಾರ ಪೇಟಿಯೊಳಗ 16 ಆಂಪಿನ ಬಿಡಿ ಪ್ಲಗ್ ಟಾಪ್ ನಾಕೈದು ತಗೋರಿ. ಮಿಕ್ಸರಿನ ಹಳೇ ಪ್ಲಗ್ ಕತ್ತರಿಸಿ ಇದನ್ನ ಹಾಕಿಸ್ರಿ. ಕಂದು ವಾಯರ್ ಲೈವ್, ನೀಲಿ ನ್ಯೂಟ್ರಲ್, ಹಸರು-ಹಳದಿ ಅರ್ಥಿಂಗ್. ಹಳೇ ಯಂತ್ರದಾಗ ಕೆಂಪು, ಕರಿ, ಹಸರು ಇರ್ತಾವ. ಇನ್ನೊಂದು ಸುಲಭ ದಾರಿ: ನಮ್ಮ ಕಡೆ ಒಂದ ಛಲೋ ಎಕ್ಸ್‌ಟೆನ್ಶನ್ ಬೋರ್ಡ್ ತಗೊಂಡು, ಅದರ ತುದಿಗೆ 16 ಆಂಪ್ ಪ್ಲಗ್ ಹಾಕಿಸಿದ್ರ ಅಡಿಗಿಮನಿ ಪೂರಾ ನಡೀತದ. ಬೋರ್ಡಿನಾಗ ಫ್ಯೂಸ್ ಅಥವಾ ಎಂ.ಸಿ.ಬಿ. (ಕರೆಂಟ್ ಹೆಚ್ಚಾದ್ರ ತಾನ ಬಂದ್ ಆಗೋ ಸ್ವಿಚ್) ಇರಲೇಬೇಕು, ಯಾಕಂದ್ರ ಆ ದೊಡ್ಡ ಪ್ಲಗ್ಗಿನಾಗ ಫ್ಯೂಸ್ ಇರಂಗಿಲ್ಲ. 6 ಆಂಪಿನ ಸಾಕೆಟ್ ಅಂದ್ರ ಸುಮಾರು 1,300 ವಾಟ್ ತನಕ. 750 ವಾಟಿನ ಮಿಕ್ಸರ್ ಆರಾಮ, 2,000 ವಾಟಿನ ಇಂಡಕ್ಷನ್ ಒಲಿ ಅದ್ರ ಮ್ಯಾಲ ಹಚ್ಚಬ್ಯಾಡ್ರಿ, ಪ್ಲಾಸ್ಟಿಕ್ ಕರಗ್ತದ.

ಒಂದ ಮಾತು ಭಾಳ ಮಂದಿಗೆ ಗೊತ್ತಿರಂಗಿಲ್ಲ. ಅಲ್ಲಿನ ಮನಿಗಳಿಗೆ 30 ಮಿಲಿಆಂಪಿನ ಅರ್ಥ್ ಲೀಕೇಜ್ ಸ್ವಿಚ್ ಕಡ್ಡಾಯ. ಹಳೇ ಗ್ರೈಂಡರಿನ ಮೋಟಾರಿಗೆ ನೀರ ಇಳದು ಸ್ವಲ್ಪ ಕರೆಂಟ್ ಸೋರ್ತಿದ್ರೂ ಮನೀದ ಸಾಕೆಟ್ಟೆಲ್ಲಾ ಒಮ್ಮೆಲೆ ಬಂದ್ ಆಗ್ತಾವ. ಮನಿ ವಾಯರಿಂಗ್ ಕೆಟ್ಟದ ಅಂತ ತಿಳಕೋಬ್ಯಾಡ್ರಿ, ಒಂದೊಂದ ಯಂತ್ರ ತಗದು ನೋಡ್ರಿ. ಹೋಗೋ ಮುಂದ ಇಲ್ಲೇ ಮೋಟಾರಿನ ಇನ್ಸುಲೇಶನ್ ಚೆಕ್ ಮಾಡಿಸ್ರಿ. ಗ್ರೈಂಡರಿನ ಬೆಲ್ಟ್ ಎರಡು, ಮಿಕ್ಸರಿನ ಕಪ್ಲರ್ ಎರಡು, ಜಾರಿನ ವಾಶರ್, ಕುಕ್ಕರಿನ ಗ್ಯಾಸ್ಕೆಟ್ ಮತ್ತ ಸೇಫ್ಟಿ ವಾಲ್ವ್, ಇವು ಜ್ವಾಕೆ ಒಯ್ರಿ.

ಬಾಡಗಿ ಮನಿಯೊಳಗ ಭಾಳ ಮಾಡಿ ಪ್ರೀಪೇಡ್ ಮೀಟರ್ ಇರ್ತದ. ಬ್ಯಾಂಕಿನ ಆ್ಯಪ್ ಇಲ್ಲಾ ಕಿರಾಣಿ ಅಂಗಡಿಯೊಳಗ ರೊಕ್ಕ ಕೊಟ್ರ 20 ಅಂಕಿಯ ಟೋಕನ್ ಬರ್ತದ, ಮೀಟರಿನ ಕೀಪ್ಯಾಡಿನಾಗ ಒತ್ತಬೇಕು. ಭಾಳ ನಗರಪಾಲಿಕೆಯೊಳಗ ತಿಂಗಳಿಗೆ ಹೆಚ್ಚು ಖರೀದಿ ಮಾಡಿದಂಗ ಯುನಿಟ್ ದರ ಏರ್ತದ. ಹಂಗಾಗಿ ಮುಂದಿನ ತಿಂಗಳಿಂದು ಈಗ ತಗೊಂಡ್ ಇಟ್ಕೊಂಡ್ರ ಲುಕ್ಸಾನ. ಹೆಚ್ಚು ಕರೆಂಟ್ ತಿನ್ನೋದು 150–200 ಲೀಟರಿನ ಗೀಝರು, ಅದಕ್ಕ ಟೈಮರ್ ಹಾಕಿಸ್ರಿ. ಲೋಡ್ ಶೆಡ್ಡಿಂಗ್ 2022–23ರೊಳಗ ಇದ್ದಷ್ಟು ಈಗಿಲ್ಲ, ಆದ್ರೂ ಕರೆಂಟ್ ಹೋಗಿ ಬರೋ ಕ್ಷಣಕ್ಕ ಫ್ರಿಜ್ಜಿನ ಕಂಪ್ರೆಸರ್ ಸುಡ್ತದ. ಸರ್ಜ್ ಪ್ರೊಟೆಕ್ಟರ್ ಇರೋ ಪ್ಲಗ್ ಅಲ್ಲೇ ಸಿಗ್ತದ, ಮೊದಲನೇ ವಾರದಾಗ ತಗೋರಿ. ಅಕ್ಟೋಬರಿಂದ ಮಾರ್ಚ್ ತನಕ ಮಧ್ಯಾಹ್ನದ ಮ್ಯಾಲ ಗುಡುಗು ಮಿಂಚು ಜೋರ, ಆಗ ಟಿ.ವಿ., ರೌಟರ್ ಪ್ಲಗ್ ಕಿತ್ತ್ ಇಡ್ರಿ.

ದೋಸೆಹಂಚು:

ಅಡುಗೆಮನೆಯ ವಿಷಯ ನಾನು ಹೇಳುತ್ತೇನೆ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ಪುಣೆ 560. ಪುಣೆಯಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ, ಅಲ್ಲಿ 94ಕ್ಕೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಹಾಗಾಗಿ ಕುಕ್ಕರ್ ಖಂಡಿತ ಬೇಕು. ಕುಕ್ಕರಿನ ಒಳಗೂ ಶಾಖ ಎರಡು ಡಿಗ್ರಿ ಕಡಿಮೆ ನಿಲ್ಲುವುದರಿಂದ ಬೇಳೆಗೆ ಒಂದು ಸೀಟಿ, ಕಡಲೆ ರಾಜ್ಮಾಗೆ ಎರಡು ಸೀಟಿ ಹೆಚ್ಚು ಕೂಗಿಸಿ. ಗಾಳಿ ಒಣ, ತೆರೆದಿಟ್ಟ ಪಾತ್ರೆಯ ಅಡುಗೆಗೆ ನೀರೂ ಸ್ವಲ್ಪ ಹೆಚ್ಚು ಬೇಕು.

ಕುಕ್ಕರ್ ಕೊಳ್ಳುವ ಮುಂಚೆ ಮನೆಯ ಒಲೆ ಯಾವುದೆಂದು ಯಜಮಾನರಿಂದ ಕೇಳಿ ತಿಳಿದುಕೊಳ್ಳಿ. ಅಲ್ಲಿ ಬಹಳ ಮನೆಗಳಲ್ಲಿ ವಿದ್ಯುತ್ ಒಲೆ, ಗಾಜಿನ ಮೇಲ್ಮೈಯದು. ಇಂಡಕ್ಷನ್ ಆದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಪುಣೆಯ ತುಳಶಿಬಾಗ್ ಪೇಟೆಯಲ್ಲಿ ಅಯಸ್ಕಾಂತ ಅಂಟುವ ಸಪಾಟು ತಳದ ಸ್ಟೀಲ್ ಕುಕ್ಕರು, ಸಪಾಟು ಕಬ್ಬಿಣದ ಹಂಚು ತೆಗೆದುಕೊಳ್ಳಿ. ಗುಂಡು ತಳದ ಬಾಣಲೆ ಬೇಡ. ಗ್ಯಾಸ್ ಇದ್ದರೆ ಸಿಲಿಂಡರು 9, 19, 48 ಕಿಲೋದವು, ನಮ್ಮ ರೆಗ್ಯುಲೇಟರ್ ಕೂಡುವುದಿಲ್ಲ.

ದೋಸೆ ಹಿಟ್ಟು. ನೀವು ಹೋಗುತ್ತಿರುವುದು ಚಳಿಗಾಲದ ನಡುವೆ. ಜೂನ್, ಜುಲೈ ರಾತ್ರಿ ಹೊರಗೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಮನೆಗಳಿಗೆ ಹೀಟಿಂಗ್ ಇರುವುದಿಲ್ಲ. ಪುಣೆಯ ಹಾಗೆ ಅಡುಗೆಕಟ್ಟೆ ಮೇಲೆ ಇಟ್ಟರೆ ಬೆಳಗ್ಗೆ ಹಿಟ್ಟು ರುಬ್ಬಿದ ಹಾಗೇ ಇರುತ್ತದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ರುಬ್ಬಲು ಉಗುರು ಬೆಚ್ಚಗಿನ ನೀರು ಹಾಕಿ, ಉಪ್ಪು ಹಾಕಿ ಕೈಯಲ್ಲೇ ಕಲಸಿ. ಓವನ್ನನ್ನು ತೀರಾ ಸಣ್ಣ ಉರಿಯಲ್ಲಿ ಎರಡು ನಿಮಿಷ ಕಾಯಿಸಿ ಆರಿಸಿ, ಒಳಗಿನ ದೀಪ ಮಾತ್ರ ಉರಿಯಲು ಬಿಟ್ಟು ಪಾತ್ರೆ ಇಡಿ. 28–30 ಡಿಗ್ರಿ ಇದ್ದರೆ 12 ರಿಂದ 16 ಗಂಟೆಯಲ್ಲಿ ಉಬ್ಬುತ್ತದೆ. ಮುಟ್ಟಿದರೆ ಸುಡುವಷ್ಟು ಕಾಯಿಸಿದರೆ ಹುಳಿಯುವ ಜೀವಾಣುಗಳೇ ಸಾಯುತ್ತವೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಉದ್ದ ಕಾಳಿನ ಕುಚ್ಚಲಕ್ಕಿ ಇಡ್ಲಿಗೆ ನಡೆಯುತ್ತದೆ, ಆದರೆ ಆರು ಗಂಟೆಯಾದರೂ ನೆನೆಯಬೇಕು.

ಸಾಮಾನಿಗೆ ಫೋರ್ಡ್ಸ್‌ಬರ್ಗ್‌ನ ಓರಿಯೆಂಟಲ್ ಪ್ಲಾಝಾ ಸುತ್ತಲಿನ ಅಂಗಡಿಗಳು, ದಕ್ಷಿಣಕ್ಕೆ ಲೆನೇಷಿಯಾ. ಹೆಸರುಗಳು ಮಾತ್ರ ಬೇರೆ: ಬೇಳೆ ಅಲ್ಲಿ ‘ಧೋಲ್’. ‘ಆಯಿಲ್ ಧೋಲ್’ ಅಂದರೆ ನಮ್ಮ ತೊಗರಿಬೇಳೆ, ‘ಗ್ರಾಮ್ ಧೋಲ್’ ಕಡಲೆಬೇಳೆ. ‘ಪೀ ಧೋಲ್’ ಎಂಬುದು ಒಣ ಬಟಾಣಿ ಬೇಳೆ, ಬಣ್ಣ ನೋಡಿ ತೊಗರಿ ಎಂದು ತರಬೇಡಿ, ಸಾರು ಗಂಜಿಯಾಗುತ್ತದೆ. ಬ್ಯಾಡಗಿಯನ್ನು ಇಲ್ಲಿಂದಲೇ ಪುಡಿ ಮಾಡಿಸಿ ಒಯ್ಯಿರಿ, ಅಲ್ಲಿನ ಖಾರದಪುಡಿಗೆ ಖಾರ ಇದೆ, ಆ ಬಣ್ಣ ಇಲ್ಲ.

ಜೋಳ ಆ ನೆಲದ ಧಾನ್ಯವೇ. ‘ಮಬೇಲೆ’ ಎಂಬ ಹೆಸರಲ್ಲಿ ಸೂಪರ್‌ಮಾರ್ಕೆಟಿನಲ್ಲಿ ಇರುತ್ತದೆ, ಆದರೆ ಅದು ಗಂಜಿಗೆಂದು ಒಡೆದ ಕೆಂಪು ಜೋಳ, ಸ್ವಲ್ಪ ಒಗರು. ನಯವಾದದ್ದನ್ನು ಆರಿಸಿ, ಮತ್ತೆ ಜರಡಿ ಹಿಡಿದು, ಎಸರು ಕುದಿಯುವಾಗಲೇ ಹಿಟ್ಟು ಸುರಿದು ನಾದಿದರೆ ತಟ್ಟಲು ಬರುತ್ತದೆ. ಆದರೂ ಬಿಜಾಪುರದ ಬಿಳಿಜೋಳದ ಜಿಗಿ ಬರುವುದಿಲ್ಲ. ಮಜ್ಜಿಗೆಹುಳಿಗೆ ಅಲ್ಲಿನ ‘ಅಮಾಸಿ’ ಬಹಳ ಒಳ್ಳೆಯದು, ದಪ್ಪ ಹುಳಿ ಹಾಲು.

ದುಬೈ ಮೇಲೆ ಹೋಗುವುದಾದರೆ ಗಸಗಸೆ ಒಂದು ಚಮಚವೂ ಬೇಡ. ಅದು ಆ ದೇಶದಲ್ಲಿ ನಿಷಿದ್ಧ, ಸಿಕ್ಕಿದರೆ ಕೇಸ್ ಆಗುತ್ತದೆ. ಕರಿಬೇವು, ಗಿಡ, ಬಿತ್ತನೆ ಬೀಜ, ಜೇನುತುಪ್ಪ, ಹಾಲಿನ ಪದಾರ್ಥ ಪರವಾನಗಿ ಇಲ್ಲದೆ ದಕ್ಷಿಣ ಆಫ್ರಿಕಾದ ಒಳಗೆ ಬಿಡುವುದಿಲ್ಲ. ಹುರಿದ ಪುಡಿಗಳನ್ನು ಅಂಗಡಿಯ ಸೀಲ್, ಲೇಬಲ್ ಇರುವ ಪೊಟ್ಟಣದಲ್ಲೇ ಇಡಿ.

ಕೊಥ್ರೂಡ್_ಕನ್ನಡತಿ:

ಎಲ್ಲರಿಗೂ ಮನಸಾರೆ ವಂದನೆ. ಮಗಳ ಪತ್ರ ಲ್ಯಾಮಿನೇಟ್ ಆಗಿದೆ, ಅಣ್ಣನಿಗೆ ಧಾರವಾಡದಲ್ಲಿ ಹೊಸ ಪ್ರತಿ ತೆಗೆಸಲು ಹೇಳಿದೆ. ಯಜಮಾನರು ಮನೆ ನೋಡುವಾಗ ಏನು ಗಮನಿಸಬೇಕು? ಆಸ್ಪತ್ರೆಯ ವಿಮೆ ಹೇಗೆ?

ಮಾಟುಂಗಾ_ಮೇಷ್ಟ್ರು:

ಮನೆಯ ವಾಸದ ಕೋಣೆ ಉತ್ತರಕ್ಕೆ ಮುಖ ಮಾಡಿರಬೇಕು. ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ, ದಕ್ಷಿಣದ ಕೋಣೆಗಳಿಗೆ ಚಳಿಗಾಲವಿಡೀ ಬಿಸಿಲು ಬೀಳುವುದಿಲ್ಲ. ಮಕ್ಕಳ ಕೋಣೆ ದಕ್ಷಿಣಕ್ಕಿರುವ ಮನೆ ಬಾಡಿಗೆ ಕಡಿಮೆ ಎಂದು ಹಿಡಿಯಬೇಡಿ. ಗ್ಯಾಸ್ ಹೀಟರ್ ಹಚ್ಚಿದರೆ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ, ಮಲಗುವಾಗ ಆರಿಸಲೇಬೇಕು. ಮನೆ ಹಿಡಿಯುವ ದಿನ ಮಾಲೀಕರ ಜೊತೆ ನಿಂತು ಗೋಡೆ, ನಲ್ಲಿ, ಕಾರ್ಪೆಟ್ ಎಲ್ಲದರ ದೋಷ ಬರೆದು ಇಬ್ಬರೂ ಸಹಿ ಹಾಕಬೇಕು. ಅಲ್ಲಿನ ಬಾಡಿಗೆ ಕಾನೂನಿನಲ್ಲೇ ಈ ಜಂಟಿ ತಪಾಸಣೆ ಇದೆ, ಠೇವಣಿ ವಾಪಸಾಗುವುದು ಆ ಹಾಳೆಯ ಮೇಲೆ. ಕರಾರಿನ ಪ್ರತಿ ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ವಿಳಾಸದ ಪುರಾವೆಯಾಗುತ್ತದೆ.

ವಿಮೆಯನ್ನು ಅಲ್ಲಿ ಮೆಡಿಕಲ್ ಏಡ್ ಎನ್ನುತ್ತಾರೆ. ಹೊಸದಾಗಿ ಸೇರಿದವರಿಗೆ ಮೂರು ತಿಂಗಳ ಸಾಮಾನ್ಯ ಕಾಯುವಿಕೆ, ಮೊದಲೇ ಇದ್ದ ಕಾಯಿಲೆಗೆ ಹನ್ನೆರಡು ತಿಂಗಳವರೆಗೆ ಹಾಕಲು ಯೋಜನೆಗೆ ಅಧಿಕಾರ ಇದೆ. 35 ದಾಟಿದವರಿಗೆ ತಡವಾಗಿ ಸೇರಿದ ದಂಡವೂ ಕಂತಿನ ಮೇಲೆ ಬೀಳಬಹುದು. ಕಂಪನಿ ಮೂಲಕ ಗುಂಪಾಗಿ ಸೇರಿದರೆ ಇವನ್ನು ಬಿಡುವುದುಂಟು, ಯಜಮಾನರು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಲಿ. ಆ ಮೂರು ತಿಂಗಳಿಗೆ ಇಲ್ಲಿಂದಲೇ ಪ್ರಯಾಣ ವಿಮೆ ಮಾಡಿಸಿ.

ಜೋಹಾನ್ಸ್‌ಬರ್ಗ್‌ನಲ್ಲಿ ಮಲೇರಿಯಾ ಇಲ್ಲ. ಆದರೆ ರಜೆಗೆ ಕ್ರೂಗರ್ ಅಭಯಾರಣ್ಯದ ಕಡೆ ಸೆಪ್ಟೆಂಬರ್‌ನಿಂದ ಮೇ ನಡುವೆ ಹೋದರೆ ಇದೆ. ಅಲ್ಲಿಂದ ಬಂದ ಕೆಲವು ವಾರದೊಳಗೆ ಮಕ್ಕಳಿಗೆ ಜ್ವರ ಬಂದರೆ ಶೀತದ ಜ್ವರವೆಂದು ಕಾಯದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು, ಎಲ್ಲಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.