ಥ್ರೆಶೋಲ್ಡ್‌ಗೆ ‘ಮಿತಿ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕ್ ಸಲಕರಣೆಗಳ ಮೇಲೆ ನಿಗಾ ಇಡುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ವಿಚ್, ರೌಟರ್, ಪೋರ್ಟ್, ಪ್ಯಾಕೆಟ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ, ಅದರಲ್ಲಿ ಯಾರದೂ ತಕರಾರು ಇರಲಾರದು. ತೊಡಕಾಗಿರುವುದು ‘ಥ್ರೆಶೋಲ್ಡ್’ ಪದ, ಅಂದರೆ ಅಳತೆ ದಾಟಿದಾಗ ಸುದ್ದಿ ಬರಲೆಂದು ನಾವು ಗೊತ್ತುಮಾಡಿಡುವ ಗೆರೆ.

ಸಾಮಾನ್ಯವಾಗಿ ಎಲ್ಲರೂ ಬಳಸುವುದು ‘ಮಿತಿ’. ಆದರೆ ‘ಈ ಪೋರ್ಟ್‌ನ ಬಳಕೆಗೆ ಶೇ. 80 ಮಿತಿ ಇಟ್ಟಿದೆ’ ಎಂದು ಬರೆದರೆ ಓದುವವರು ಏನು ತಿಳಿಯುತ್ತಾರೆ? ಶೇ. 80ರ ಮೇಲೆ ಹೋಗಲು ಸ್ವಿಚ್ ಬಿಡುವುದಿಲ್ಲ ಅಂತ ಅಲ್ವಾ? ವೇಗದ ಮಿತಿ, ವಯಸ್ಸಿನ ಮಿತಿ, ಸಾಲದ ಮಿತಿ, ಎಲ್ಲದರಲ್ಲೂ ‘ಇದನ್ನು ಮೀರುವಂತಿಲ್ಲ’ ಎನ್ನುವ ಕಟ್ಟು ಇದೆ. ಥ್ರೆಶೋಲ್ಡ್ ಯಾರನ್ನೂ ತಡೆಯುವುದಿಲ್ಲ. ದಟ್ಟಣೆ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಗೆರೆ ದಾಟಿದಾಗ ಸುದ್ದಿ ಬರುತ್ತದೆ, ಅಷ್ಟೇ. ಇನ್ನೂ ಒಂದು ಕಷ್ಟವಿದೆ. ಅದೇ ಸ್ವಿಚ್‌ನಲ್ಲಿ ನಿಜವಾಗಿಯೂ ವೇಗ ತಡೆಯುವ ‘ರೇಟ್ ಲಿಮಿಟ್’ ಸೌಲಭ್ಯವೂ ಇರುತ್ತದೆ. ಅದಕ್ಕೆ ‘ಮಿತಿ’ ಹೇಳಿ ಮಾಡಿಸಿದ ಪದ. ಒಂದೇ ಅಧ್ಯಾಯದಲ್ಲಿ ಎರಡಕ್ಕೂ ಅದನ್ನೇ ಬಳಸಿದರೆ ಓದುಗರಿಗೆ ಗೊಂದಲ ಖಂಡಿತ.

ಸರಿ, ಈ ಥ್ರೆಶೋಲ್ಡ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಆಗ ಪದ ಆರಿಸುವುದು ಸುಲಭ. ನಾನು ಆಧಾರ ಇಟ್ಟುಕೊಂಡಿರುವುದು ಆರ್‌ಮಾನ್ (ರಿಮೋಟ್ ಮಾನಿಟರಿಂಗ್) ಎಂಬ, ನೆಟ್‌ವರ್ಕ್ ಮೇಲೆ ದೂರದಿಂದ ನಿಗಾ ಇಡುವ ಮಾನಕ. 1991ರಲ್ಲಿ ಮೊದಲು ಬಂತು, 2000ದಲ್ಲಿ ಆರ್‌ಎಫ್‌ಸಿ 2819 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ಮಾನಕಗಳ ದಾಖಲೆ) ಆಗಿ ಪರಿಷ್ಕಾರವಾಯಿತು. ಅದರಲ್ಲಿ ಥ್ರೆಶೋಲ್ಡ್ ಒಂದಲ್ಲ, ಎರಡು: ರೈಸಿಂಗ್ ಮತ್ತು ಫಾಲಿಂಗ್.

ಒಂದು ಪೋರ್ಟ್‌ನಲ್ಲಿ ಸಿಆರ್‌ಸಿ ದೋಷಗಳನ್ನು (ದಾರಿಯಲ್ಲಿ ಕೆಟ್ಟುಬಂದ ದತ್ತಾಂಶ) 60 ಸೆಕೆಂಡಿಗೊಮ್ಮೆ ನೋಡುತ್ತಿದ್ದೇವೆ ಅಂದುಕೊಳ್ಳಿ. ರೈಸಿಂಗ್ 100, ಫಾಲಿಂಗ್ 10. ಒಂದು ನಿಮಿಷದಲ್ಲಿ 120 ದೋಷ ಬಂದವು. ಸುದ್ದಿ ಹೋಗುತ್ತದೆ. ಮುಂದಿನ ನಿಮಿಷಗಳಲ್ಲಿ 95, 130, 105. ಈಗ ಏನೂ ಹೋಗುವುದಿಲ್ಲ! ಲೆಕ್ಕ 10ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುವ ತನಕ ರೈಸಿಂಗ್ ಸುದ್ದಿ ಮತ್ತೆ ಬರುವುದಿಲ್ಲ. ಯಾವಾಗಲೋ 8ಕ್ಕೆ ಇಳಿಯಿತು ಅನ್ನಿ, ಆಗ ಫಾಲಿಂಗ್ ಸುದ್ದಿ ಬರುತ್ತದೆ. ಅದಾದ ಮೇಲೆ ಮತ್ತೆ 100 ಮುಟ್ಟಿದರೆ ರೈಸಿಂಗ್. ಈ ಏರ್ಪಾಡು ಇಲ್ಲದಿದ್ದರೆ, 100ರ ಆಸುಪಾಸಿನಲ್ಲೇ ಹೊಯ್ದಾಡುವ ಒಂದು ಪೋರ್ಟ್ ಸಾಕು, ರಾತ್ರಿ ಪಾಳಿಯವರ ತಲೆ ಕೆಡಿಸಲು.

ಇದನ್ನು ‘ಮೇಲ್ಮಿತಿ, ಕೆಳಮಿತಿ’ ಎಂದು ಬರೆದಿರುವುದನ್ನು ನೋಡಿದ್ದೇನೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಹಾಗೆಂದರೆ 10ರಿಂದ 100ರ ಒಳಗಿದ್ದರೆ ಎಲ್ಲ ಸರಿ, 10ಕ್ಕಿಂತ ಕೆಳಗೆ ಹೋದರೆ ಕೆಟ್ಟಿತು ಎಂಬ ಅರ್ಥ ಬರುತ್ತದೆ. ಇಲ್ಲಿ 10ಕ್ಕಿಂತ ಕಡಿಮೆ ಇರುವುದೇ ಒಳ್ಳೆಯದು.

‘ಹೊಸ್ತಿಲು’ ಮೂಲ ಪದಕ್ಕೆ ನೇರವಾಗಿ ಹೊಂದುತ್ತದೆ, ದಾಟುವ ಭಾವವೂ ಇದೆ. ಆದರೆ ‘ಏರುವ ಹೊಸ್ತಿಲು’ ಅಂದರೆ ಹೊಸ್ತಿಲೇ ಮೇಲೆದ್ದು ಹೋಗುತ್ತಿದೆ ಅನ್ನಿಸುತ್ತದೆ. ‘ಹೊಸ್ತಿಲನ್ನು 100ಕ್ಕೆ ಹೊಂದಿಸಿ’ ಎಂದು ಗಂಭೀರವಾಗಿ ಬರೆಯುವುದು ನನ್ನ ಕೈಲಾಗದು.

ನನಗೆ ಒಪ್ಪಿಗೆಯಾಗುತ್ತಿರುವುದು ‘ಮಟ್ಟ’. ಪತ್ರಿಕೆಗಳಲ್ಲಿ ‘ನದಿ ಅಪಾಯದ ಮಟ್ಟ ಮೀರಿ ಹರಿಯುತ್ತಿದೆ’ ಎಂದು ಓದುತ್ತಲೇ ಇರುತ್ತೇವೆ. ಅಲ್ಲಿ ಮಟ್ಟ ನೀರನ್ನು ತಡೆಯುವುದಿಲ್ಲ, ನೀರು ಅಲ್ಲಿಗೆ ಬಂತು ಎಂದು ತಿಳಿಸುತ್ತದೆ. ಥ್ರೆಶೋಲ್ಡ್ ಮಾಡುವುದೂ ಅದನ್ನೇ. ಹಾಗಾಗಿ ರೈಸಿಂಗ್‌ಗೆ ‘ಏರುಮಟ್ಟ’, ಫಾಲಿಂಗ್‌ಗೆ ‘ಇಳಿಮಟ್ಟ’ ಅನ್ನಬಹುದೇ? ಒಂದು ಅನುಮಾನ ಮಾತ್ರ ಉಳಿದಿದೆ. ‘ಮಟ್ಟ’ ಎಂದರೆ ಈಗ ಇರುವ ಅಳತೆಯೂ ಹೌದು. ‘ಬಳಕೆಯ ಮಟ್ಟ ಏರುಮಟ್ಟಕ್ಕೆ ಬಂದಾಗ’ ಎಂದು ಬರೆಯಬೇಕಾದರೆ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ. ಈಗಿರುವುದಕ್ಕೆ ‘ಅಳತೆ’ ಎಂದೇ ಬಳಸಿದರೆ ತಪ್ಪಿಸಿಕೊಳ್ಳಬಹುದೇನೋ.

‘ಅಲಾರಂ’ ಬಗ್ಗೆಯೂ ಒಂದು ಮಾತು. ಆರ್‌ಮಾನ್‌ನಲ್ಲಿ ಅಲಾರಂ ಎಂದರೆ ಹೊಡೆದುಕೊಳ್ಳುವ ಗಂಟೆ ಅಲ್ಲ. ಯಾವ ಲೆಕ್ಕವನ್ನು, ಎಷ್ಟು ಹೊತ್ತಿಗೊಮ್ಮೆ, ಯಾವ ಮಟ್ಟಕ್ಕೆ ಹೋಲಿಸಿ ನೋಡಬೇಕು ಎಂಬ ಒಂದು ಸಾಲು. ಮಟ್ಟ ದಾಟಿದಾಗ ಏನು ಮಾಡಬೇಕು, ಲಾಗ್‌ನಲ್ಲಿ ಬರೆಯಬೇಕೋ, ಟ್ರ್ಯಾಪ್ ಎಂಬ ಸಂದೇಶ ಕಳಿಸಬೇಕೋ, ಎರಡೂನೋ, ಇದು ‘ಈವೆಂಟ್’ ಎಂಬ ಬೇರೆ ಸಾಲಿನಲ್ಲಿರುತ್ತದೆ. ಹಾಗಾಗಿ ಅಲಾರಂಗೆ ‘ಎಚ್ಚರಿಕೆ’ ಹೊಂದುವುದಿಲ್ಲ. ‘ಕಾವಲು’ ಹೇಗೆ? ‘ಈ ಪೋರ್ಟ್‌ನ ದೋಷದ ಲೆಕ್ಕಕ್ಕೆ ಒಂದು ಕಾವಲು ಹಾಕಿ’ ಎಂದರೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಆಗ ‘ಎಚ್ಚರಿಕೆ’ ಪದ ಮನುಷ್ಯರಿಗೆ ಮುಟ್ಟುವ ಸುದ್ದಿಗೆ ಮೀಸಲಾಗುತ್ತದೆ. ಟ್ರ್ಯಾಪ್ ಅನ್ನು ಟ್ರ್ಯಾಪ್ ಎಂದೇ ಬಿಡುತ್ತೇನೆ. ಯಾರೂ ಕೇಳದೆ ಸಲಕರಣೆಯೇ ಕಳಿಸುವ ಸಂದೇಶ ಅದು, ‘ಬಲೆ’ ಎಂದರೆ ಅನರ್ಥ.

ಇನ್ನು ‘ಕೌಂಟರ್’, ಅಂದರೆ ಬೈಟ್, ದೋಷ ಮುಂತಾದವನ್ನು ಸಲಕರಣೆ ಎಣಿಸಿಡುವ ಲೆಕ್ಕ. ‘ಎಣಿಕೆ’ ಸಾಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಈ ಎಣಿಕೆ ಏರುತ್ತಲೇ ಹೋಗುತ್ತದೆ, ತಾನಾಗಿ ಇಳಿಯುವುದಿಲ್ಲ. 32 ಬಿಟ್‌ನದಾದರೆ 4,294,967,295 ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. ಒಂದು ಗಿಗಾಬಿಟ್‌ನ ಪೋರ್ಟ್ ಪೂರ್ತಿ ವೇಗದಲ್ಲಿದ್ದರೆ ಬೈಟ್‌ಗಳ ಎಣಿಕೆಗೆ ಸುಮಾರು 34 ಸೆಕೆಂಡಿನಲ್ಲೇ ಈ ಗತಿ, ಅದಕ್ಕೇ 64 ಬಿಟ್‌ನ ಎಣಿಕೆ ಬಂದದ್ದು. ಆದ್ದರಿಂದ ಕಾವಲು ಹಾಕುವಾಗ ಎಣಿಕೆ ಎಷ್ಟಿದೆ ಎಂದಲ್ಲ, ಹಿಂದಿನ ಸಲಕ್ಕಿಂತ ಎಷ್ಟು ಜಾಸ್ತಿಯಾಯಿತು ಎಂದು ನೋಡಬೇಕು. ಇಂಗ್ಲಿಷಿನಲ್ಲಿ ಅದು ‘ಡೆಲ್ಟಾ’. ಇದು ತಪ್ಪಿ ‘ಆಬ್ಸೊಲ್ಯೂಟ್’ (ಎಣಿಕೆ ಒಟ್ಟು ಎಷ್ಟಿದೆಯೋ ಅಷ್ಟು) ಎಂದಿಟ್ಟರೆ ರೈಸಿಂಗ್ ಸುದ್ದಿ ಒಮ್ಮೆ ಬಂದು ಸುಮ್ಮನಾಗಿಬಿಡುತ್ತದೆ, ಸೊನ್ನೆಗೆ ಮರಳುವ ತನಕ ಎಣಿಕೆ ಇಳಿಯುವುದೇ ಇಲ್ಲವಲ್ಲ. ಡೆಲ್ಟಾಗೆ ‘ಏರಿಕೆ’ ಚೆನ್ನಾಗಿತ್ತು, ಆದರೆ ಪಕ್ಕದಲ್ಲೇ ‘ಏರುಮಟ್ಟ’ ಇದೆ, ಎರಡೂ ಬೆರೆತುಹೋಗುತ್ತವೆ. ‘ವ್ಯತ್ಯಾಸ’ ಎಂದರೆ ಹೆಚ್ಚೋ ಕಡಿಮೆಯೋ ಗೊತ್ತಾಗುವುದಿಲ್ಲ. ‘ಹೊಸ ಎಣಿಕೆ’ ಎಂದೂ ಯೋಚಿಸಿದೆ, ಆಬ್ಸೊಲ್ಯೂಟ್‌ಗೆ ‘ಒಟ್ಟು ಎಣಿಕೆ’. ಈ ಜೋಡಿ ನಿಮಗೆ ಹೇಗನ್ನಿಸುತ್ತದೆ?

ಏರುಮಟ್ಟ, ಇಳಿಮಟ್ಟ, ಕಾವಲು ಇವುಗಳನ್ನು ಬೇರೆ ಅರ್ಥದಲ್ಲಿ ಈಗಾಗಲೇ ಬಳಸುತ್ತಿರುವವರು ಇದ್ದರೆ, ಒಂದು ವಾಕ್ಯದ ಸಮೇತ ತಿಳಿಸಿ. ಬರೀ ಪದಕ್ಕಿಂತ ವಾಕ್ಯ ಸಿಕ್ಕರೆ ನನಗೆ ಅನುಕೂಲ.